ಲಕ್ವ ಹೊಡೆದು ಮಾತು ನಿಂತವರಿಗೆ ಮೊಬೈಲ್ ನೆರವಾಗುತ್ತದೆಯೇ? ಆಪ್ ಹಾಕಿಕೊಟ್ಟರೆ ಸಾಲದು, ಬಳಸಲು ಕಲಿಸಬೇಕು

ಪಾರ್ಶ್ವವಾಯು, ಅಂದರೆ ಸ್ಟ್ರೋಕ್ ಬಗ್ಗೆ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ಸಂದೇಶಗಳಲ್ಲಿ ಎರಡು ಬಗೆ. ಹಳೆಯ ಬಗೆಯದು ಮನೆಮದ್ದಿನದು: ರೋಗಿಯ ಹತ್ತೂ ಬೆರಳ ತುದಿಗೆ ಸೂಜಿ ಚುಚ್ಚಿ ರಕ್ತ ಹನಿಸಿ, ನಾಲಿಗೆಗೆ ಬಜೆ ತೇಯ್ದು ಹಚ್ಚಿ, ಮಾತು ಮರಳುತ್ತದೆ ಎನ್ನುವುದು. ಹೊಸ ಬಗೆಯದು ಮೊಬೈಲಿನದು: ಈ ಆಪ್ ಹಾಕಿಕೊಡಿ, ಮನೆಯಲ್ಲೇ ಸ್ಪೀಚ್ ಥೆರಪಿ ಆಗಿಹೋಗುತ್ತದೆ ಎನ್ನುವುದು.

ಮೊದಲನೆಯದು ಪೂರ್ತಿ ಸುಳ್ಳು. ಎರಡನೆಯದು ಅರ್ಧ ನಿಜ. ಈ ಅರ್ಧ ನಿಜದಿಂದಲೂ ನಷ್ಟವಿದೆ. ಆಪ್ ಹಾಕಿಕೊಟ್ಟ ಮನೆಯವರು ತಮ್ಮ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಎರಡು ವಾರ ಕಳೆಯುವಷ್ಟರಲ್ಲಿ ಫೋನ್ ಮೂಲೆ ಸೇರುತ್ತದೆ. ಕೊನೆಗೆ, ಇವರಿಗೆ ಇನ್ನು ಮಾತು ಬರುವುದಿಲ್ಲ ಬಿಡಿ ಎಂಬ ತೀರ್ಮಾನ ಮಾತ್ರ ಉಳಿಯುತ್ತದೆ. ಆ ತೀರ್ಮಾನ ತಪ್ಪು. ಏಕೆ ಎಂದು ಒಂದೊಂದಾಗಿ ನೋಡೋಣ.

ಮಾತು ಹೋದರೆ ಬುದ್ಧಿಯೂ ಹೋದಂತೆಯೇ?

ಅಲ್ಲ. ಬಹುತೇಕರಲ್ಲಿ ಭಾಷೆಯ ಕೆಲಸ ನಡೆಯುವುದು ಮೆದುಳಿನ ಎಡಭಾಗದಲ್ಲಿ. ಅಲ್ಲಿಗೆ ಹೋಗುವ ರಕ್ತನಾಳ ಕಟ್ಟಿಕೊಂಡರೆ ಅಥವಾ ಒಡೆದರೆ ಮಾತನಾಡುವುದು, ಕೇಳಿದ್ದನ್ನು ಅರ್ಥ ಮಾಡಿಕೊಳ್ಳುವುದು, ಓದುವುದು, ಬರೆಯುವುದು ಎಲ್ಲವೂ ಏರುಪೇರಾಗಬಹುದು. ಇದಕ್ಕೆ ಅಫೇಸಿಯಾ ಎನ್ನುತ್ತಾರೆ. ಸ್ಟ್ರೋಕ್ ಆದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಇದು ಕಾಣಿಸಿಕೊಳ್ಳುತ್ತದೆ.

1861ರಲ್ಲಿ ಪ್ಯಾರಿಸ್‌ನ ವೈದ್ಯ ಪಾಲ್ ಬ್ರೋಕಾ ಒಬ್ಬ ರೋಗಿಯನ್ನು ಪರೀಕ್ಷಿಸಿದರು. ಏನು ಕೇಳಿದರೂ ಆತ ಹೇಳುತ್ತಿದ್ದದ್ದು 'ಟ್ಯಾನ್' ಎಂಬ ಒಂದೇ ಸದ್ದು. ಆದರೆ ಇತರರು ಹೇಳಿದ್ದು ಬಹುಮಟ್ಟಿಗೆ ಅವನಿಗೆ ತಿಳಿಯುತ್ತಿತ್ತು, ಕೈಸನ್ನೆಯಲ್ಲಿ ಉತ್ತರಿಸುತ್ತಿದ್ದ. ಆತ ತೀರಿಕೊಂಡ ಮೇಲೆ ಮೆದುಳನ್ನು ನೋಡಿದಾಗ ಎಡಭಾಗದ ಮುಂಬದಿಯಲ್ಲಿ ಹಾನಿ ಕಂಡಿತು. ಮಾತು ಬಾರದವರ ಒಳಗೆ ಯೋಚನೆ ಉಳಿದಿರುತ್ತದೆ ಎಂಬುದು ವೈದ್ಯಲೋಕಕ್ಕೆ ನೂರೈವತ್ತು ವರ್ಷಕ್ಕೂ ಹಿಂದೆಯೇ ಗೊತ್ತಿದ್ದ ವಿಷಯ. ನಮ್ಮ ಮನೆಗಳಿಗೆ ಅದು ಇನ್ನೂ ಸರಿಯಾಗಿ ತಲುಪಿಲ್ಲ. ಎದುರಿಗೇ ಕೂತಿರುವವರ ಬಗ್ಗೆ, ಅವರಿಗೇನೂ ತಿಳಿಯಲ್ಲ ಬಿಡಿ ಎಂದು ನೆಂಟರ ಮುಂದೆ ಹೇಳಿಬಿಡುತ್ತೇವೆ. ಅದು ಅವರಿಗೆ ಕೇಳಿಸುತ್ತದೆ. ಎಷ್ಟೋ ಸಲ ಅರ್ಥವೂ ಆಗುತ್ತದೆ.

ಇನ್ನೊಂದು ವಿಷಯ ಗಮನಿಸಿ. ಮೆದುಳಿನ ಎಡಭಾಗ ದೇಹದ ಬಲಗಡೆಯನ್ನು ನಡೆಸುತ್ತದೆ. ಹಾಗಾಗಿ ಅಫೇಸಿಯಾ ಇರುವ ಅನೇಕರಿಗೆ ಬಲಗೈಯೂ ಸೋತಿರುತ್ತದೆ. ಫೋನ್ ಹಿಡಿಯುವ ಕೈ, ಒತ್ತುವ ಬೆರಳು, ಓದುವ ಕಣ್ಣಿನ ಹಿಂದಿರುವ ಭಾಷೆ, ಎಲ್ಲಕ್ಕೂ ಒಟ್ಟಿಗೇ ಪೆಟ್ಟು ಬಿದ್ದಿರುತ್ತದೆ. ಮುಂದೆ ಇದರ ಮಾತು ಬರುತ್ತದೆ.

ಸೂಜಿ, ಬಜೆ ಮತ್ತು ಆರು ತಿಂಗಳ ಲೆಕ್ಕ

ಸೂಜಿ ಚುಚ್ಚುವುದರಿಂದ ಮೆದುಳಿನ ರಕ್ತನಾಳದ ಕಟ್ಟು ಬಿಡುವುದಿಲ್ಲ. ಅದರಿಂದ ಆಗುವುದು ಒಂದೇ, ಸಮಯ ಹಾಳು. ರಕ್ತ ಹೆಪ್ಪುಗಟ್ಟಿ ಆದ ಸ್ಟ್ರೋಕ್‌ಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಅನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಬಾಯಿ ಸೊಟ್ಟಗಾದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ 108ಕ್ಕೆ ಕರೆ ಮಾಡಿ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋಗಿ. ಆ ಹೊತ್ತಿನಲ್ಲಿ ವಿಡಿಯೋ ಕರೆಯಲ್ಲಿ ಡಾಕ್ಟರನ್ನು ಹುಡುಕುತ್ತ ಕೂರಬೇಡಿ.

ಮಕ್ಕಳಿಗೆ ಮಾತು ಚೆನ್ನಾಗಿ ಬರಲಿ ಎಂದು ಬಜೆ ತೇಯ್ದು ನೆಕ್ಕಿಸುವ ರೂಢಿ ನಮ್ಮಲ್ಲಿದೆ. ಅದೇ ನಂಬಿಕೆ ಸ್ಟ್ರೋಕ್ ಆದವರಿಗೂ ಹಬ್ಬಿದೆ. ಆದರೆ ಅಫೇಸಿಯಾದಲ್ಲಿ ಕೆಟ್ಟಿರುವುದು ಮೆದುಳಿನ ಭಾಷಾ ವ್ಯವಸ್ಥೆ, ನಾಲಿಗೆಗೆ ಏನು ಹಚ್ಚಿದರೂ ಅಲ್ಲಿಗೆ ಮುಟ್ಟದು. ಜೊತೆಗೆ ಸ್ಟ್ರೋಕ್ ಆದ ಹೊಸತರಲ್ಲಿ ಎಷ್ಟೋ ಜನರಿಗೆ ನುಂಗುವ ಶಕ್ತಿಯೂ ಕುಗ್ಗಿರುತ್ತದೆ. ಬಾಯಿಗೆ ಹಾಕಿದ ಜೇನೋ ಕಷಾಯವೋ ಶ್ವಾಸನಾಳಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು. ನುಂಗುವುದನ್ನು ಪರೀಕ್ಷಿಸದೆ ಬಾಯಿಗೆ ಏನನ್ನೂ ಹಾಕಬೇಡಿ.

ಆರು ತಿಂಗಳು ಕಳೆದರೆ ಮಾತು ಸುಧಾರಿಸದು ಎಂಬುದು ಇನ್ನೊಂದು ನಂಬಿಕೆ. ಮೊದಲ ಕೆಲವು ತಿಂಗಳಲ್ಲಿ ಚೇತರಿಕೆ ವೇಗವಾಗಿರುತ್ತದೆ ಎಂಬುದು ನಿಜ. ಆರು ತಿಂಗಳಿಗೆ ಬಾಗಿಲು ಮುಚ್ಚುತ್ತದೆ ಎಂಬುದು ಸುಳ್ಳು. ಜರ್ಮನಿಯಲ್ಲಿ ನಡೆದ, 2017ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸ್ಟ್ರೋಕ್ ಆಗಿ ಆರು ತಿಂಗಳು ದಾಟಿದವರನ್ನೇ ಆರಿಸಿಕೊಂಡಿದ್ದರು. ಮೂರು ವಾರ, ವಾರಕ್ಕೆ ಕನಿಷ್ಠ 10 ಗಂಟೆ ವಾಕ್ ಚಿಕಿತ್ಸೆ ಪಡೆದವರ ದಿನಬಳಕೆಯ ಮಾತು ಗಣನೀಯವಾಗಿ ಸುಧಾರಿಸಿತು.

ಕೆಲಸಕ್ಕೆ ಬರುವುದು ಪದೇ ಪದೇ ಮಾಡುವ ಚಿಕಿತ್ಸೆ. ಕಷ್ಟ ಇರುವುದೂ ಅಲ್ಲಿಯೇ.

ಬಿನ್ನಿಪೇಟೆಯಿಂದ ಚಿಕಿತ್ಸೆ ಎಷ್ಟು ದೂರ?

ಹಲವು ದೇಶಗಳ ಪ್ರಯೋಗಗಳ ಮಾಹಿತಿಯನ್ನು ಒಟ್ಟುಗೂಡಿಸಿ ನಡೆಸಿದ, 2022ರಲ್ಲಿ ಪ್ರಕಟವಾದ 'ರಿಲೀಸ್' ಎಂಬ ವಿಶ್ಲೇಷಣೆಯಲ್ಲಿ, ಒಟ್ಟು 20ರಿಂದ 50 ಗಂಟೆ ವಾಕ್ ಚಿಕಿತ್ಸೆ ಪಡೆದವರಲ್ಲಿ ಭಾಷೆಯ ಸುಧಾರಣೆ ಹೆಚ್ಚು ಕಂಡಿತು. ಒಂದು ಸಲಕ್ಕೆ 45 ನಿಮಿಷ ಎಂದು ಹಿಡಿದರೆ 20 ಗಂಟೆಗೆ 27 ಸಲ, 50 ಗಂಟೆಗೆ 67 ಸಲ ಹೋಗಿಬರಬೇಕು.

ಈಗ ಬಿನ್ನಿಪೇಟೆಯ ಒಂದು ಮನೆಯನ್ನು ಊಹಿಸಿಕೊಳ್ಳಿ. ಬಲಗೈ, ಬಲಗಾಲು ಸೋತ ತಾತ. ಮೊದಲ ಮಹಡಿಯ ಮನೆ, ಕಡಿದಾದ ಮೆಟ್ಟಿಲು. ನಿಮ್ಹಾನ್ಸ್ ಇರುವುದು ಹೊಸೂರು ರಸ್ತೆಯಲ್ಲಿ, ಊರಿನ ಇನ್ನೊಂದು ಮಗ್ಗುಲಲ್ಲಿ. ಆಟೋದಲ್ಲಿ ಜೊತೆಗೆ ಹೋಗಬೇಕಾದ ಮಗನಿಗೋ ಸೊಸೆಗೋ ಆ ದಿನದ ಸಂಬಳ ಇಲ್ಲ. ಇಂಥ ಓಡಾಟ 27 ಸಲ ಎಂದರೆ ಎಷ್ಟು ಮನೆಗಳಿಗೆ ಸಾಧ್ಯ? ನಾಲ್ಕೈದು ಸಲ ಹೋಗಿ ನಿಲ್ಲಿಸಿಬಿಡುವವರನ್ನು ಸೋಮಾರಿಗಳು ಎನ್ನುವಂತಿಲ್ಲ.

ಬಿನ್ನಿಪೇಟೆಗೆ ಇನ್ನೊಂದು ತೊಡಕೂ ಇದೆ, ಅದು ಭಾಷೆಯದು. 1884ರಲ್ಲಿ ಶುರುವಾಗಿ ಮುಂದೆ ಬಿನ್ನಿ ಮಿಲ್ ಎಂದು ಹೆಸರಾದ ಬಟ್ಟೆ ಗಿರಣಿಯ ಸುತ್ತ ಬೆಳೆದ ಬಡಾವಣೆ ಇದು. ಗಿರಣಿ ಮುಚ್ಚಿ, ಅದರ ಜಾಗದಲ್ಲಿ ಅಪಾರ್ಟ್‌ಮೆಂಟ್‌ಗಳು ಎದ್ದಿವೆ. ಆದರೆ ಕೆಲಸ ಹುಡುಕಿಕೊಂಡು ಬಂದ ಕುಟುಂಬಗಳ ಭಾಷೆಗಳು ಇಲ್ಲೇ ಉಳಿದಿವೆ. ಮನೆಯಲ್ಲಿ ತಮಿಳು ಅಥವಾ ತೆಲುಗು, ಬೀದಿಯಲ್ಲಿ ಕನ್ನಡ, ಪಕ್ಕದ ಮನೆಯವರೊಂದಿಗೆ ಉರ್ದು ಎನ್ನುವುದು ಇಲ್ಲಿ ಸಾಮಾನ್ಯ. ಎರಡು ಮೂರು ಭಾಷೆ ಬಲ್ಲವರಿಗೆ ಅಫೇಸಿಯಾ ಆದಾಗ ಎಲ್ಲ ಭಾಷೆಯೂ ಒಂದೇ ಸಮ ಮರಳಬೇಕೆಂದಿಲ್ಲ. ಮನೆಮಾತು ಮೊದಲು ಬರಬಹುದು, ಸ್ಟ್ರೋಕ್‌ಗೆ ಮುಂಚೆ ಹೆಚ್ಚು ಬಳಸುತ್ತಿದ್ದ ಭಾಷೆ ಮೊದಲು ಬರಬಹುದು. ಪ್ಲೇಸ್ಟೋರ್‌ನಲ್ಲಿ ಸಿಗುವ ಇಂಗ್ಲಿಷ್ ಆಪ್, ಆ್ಯಪಲ್ ಚಿತ್ರ ತೋರಿಸಿ ಇಂಗ್ಲಿಷ್ ಹೆಸರು ಕೇಳಿದರೆ, ಜೀವನವಿಡೀ ಸೇಬು ಎಂದವರಿಗೆ ಅದರಿಂದ ಏನು ಉಪಯೋಗ?

ವಿಡಿಯೋ ಚಿಕಿತ್ಸೆ, ಅಂದರೆ ಟೆಲಿ ಥೆರಪಿ ನೆರವಿಗೆ ಬರುವುದು ಇಲ್ಲಿ. ರೋಗಿಯ ಭಾಷೆ ಬಲ್ಲ ಥೆರಪಿಸ್ಟ್ ಪಕ್ಕದ ಬೀದಿಯಲ್ಲೇ ಇರಬೇಕಾಗಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಜನರ ಬಾಯಲ್ಲಿ ಅದು 'ಆಯಿಷ್'. ಅಫೇಸಿಯಾ ಪರೀಕ್ಷೆ ಮತ್ತು ಚಿಕಿತ್ಸೆಗೆ ಕನ್ನಡದಲ್ಲೇ ಸಾಮಗ್ರಿ ರೂಪಿಸಿದ ಕೇಂದ್ರ ಸರ್ಕಾರದ ಸಂಸ್ಥೆ ಇದು. ಬರಲಾಗದವರಿಗೆ ದೂರದಿಂದಲೇ ವಿಡಿಯೋ ಮೂಲಕ ಚಿಕಿತ್ಸೆ ಕೊಡುವ ವ್ಯವಸ್ಥೆಯೂ ಅಲ್ಲಿದೆ.

ವಿಡಿಯೋದಲ್ಲಿ ಚಿಕಿತ್ಸೆ ನಿಜವಾಗಿ ನಡೆಯುತ್ತದೆಯೇ?

ಕೈ ಹಿಡಿದು ನಾಡಿ ನೋಡದ ಚಿಕಿತ್ಸೆ ಎಂಥದ್ದು ಎಂಬ ಅನುಮಾನ ಸಹಜ. ಆದರೆ ವಾಕ್ ಚಿಕಿತ್ಸೆಯ ಬಹುಭಾಗ ನೋಡುವುದು, ಕೇಳುವುದು, ಹೇಳುವುದು. ಥೆರಪಿಸ್ಟ್ ತಮ್ಮ ಪರದೆಯ ಮೇಲೆ ಚಿತ್ರ ತೋರಿಸುತ್ತಾರೆ. ಹೆಸರು ಹೊಳೆಯದಿದ್ದರೆ ಮೊದಲ ಅಕ್ಷರದ ಸುಳಿವು ಕೊಡುತ್ತಾರೆ. 'ತಟ್ಟೆ ಎಲ್ಲಿದೆ ತೋರಿಸಿ' ಎಂದು ಕೇಳುತ್ತಾರೆ. ನಿಮ್ಮ ಅಡುಗೆಮನೆಯ ತಟ್ಟೆಯನ್ನೇ ಬಳಸಬಹುದು ಎಂಬುದು ಮನೆಯಿಂದ ಮಾಡುವ ಚಿಕಿತ್ಸೆಯ ಒಂದು ಲಾಭ.

2018ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನವೊಂದು ನೇರ ಚಿಕಿತ್ಸೆ ಮತ್ತು ವಿಡಿಯೋ ಚಿಕಿತ್ಸೆಯನ್ನು ಹೋಲಿಸಿತು. ಭಾಷಾ ಪರೀಕ್ಷೆಯ ಅಂಕದಲ್ಲಿ ವಿಡಿಯೋ ಗುಂಪು ಹಿಂದೆ ಬೀಳಲಿಲ್ಲ. ಆದರೆ ಮಾತನಾಡುವ ಧೈರ್ಯ ನೇರವಾಗಿ ಹೋದವರಲ್ಲಿ ಹೆಚ್ಚು ಬೆಳೆಯಿತು. ಇಂಥ ಅಧ್ಯಯನಗಳು ಚಿಕ್ಕವು, ಎಲ್ಲ ರೋಗಿಗಳಿಗೂ ಇದೇ ಮಾತು ಅನ್ವಯಿಸಬೇಕಿಲ್ಲ.

ವಿಡಿಯೋದಿಂದ ಆಗದ ಕೆಲಸಗಳೂ ಇವೆ. ನುಂಗುವ ತೊಂದರೆಯ ಪೂರ್ತಿ ಪರೀಕ್ಷೆ, ಕಿವಿಯ ಪರೀಕ್ಷೆ ಮುಂತಾದವಕ್ಕೆ ಆಸ್ಪತ್ರೆಗೇ ಹೋಗಬೇಕು. ಹೇಳಿದ್ದು ತೀರಾ ಕಡಿಮೆ ಅರ್ಥವಾಗುವವರಿಗೂ ಮೊದಲು ಎದುರಿಗೆ ಕೂತು ಮಾಡುವ ಚಿಕಿತ್ಸೆಯೇ ಒಳ್ಳೆಯದು. ಮೊದಲ ಪರೀಕ್ಷೆ ನೇರವಾಗಿ, ಅಭ್ಯಾಸ ವಿಡಿಯೋದಲ್ಲಿ, ನಡುನಡುವೆ ಒಮ್ಮೆ ಭೇಟಿ: ಹೆಚ್ಚಿನವರಿಗೆ ಹೊಂದುವ ದಾರಿ ಇದು.

ಹಾಗಾದರೆ ತೊಡಕು ಎಲ್ಲಿ? ಫೋನಿನಲ್ಲಿ

ಒಂದು ವಿಡಿಯೋ ಕರೆಗೆ ಸೇರಲು ಏನೇನು ಬೇಕು ಎಂದು ಎಣಿಸಿ ನೋಡಿ. ಪಿನ್ ಒತ್ತಿ ಲಾಕ್ ತೆಗೆಯಬೇಕು. ಬಂದ ಮೆಸೇಜ್ ಓದಬೇಕು. ಲಿಂಕ್ ಒತ್ತಬೇಕು. ಕ್ಯಾಮೆರಾ, ಮೈಕ್‌ಗೆ ಅನುಮತಿ ಕೇಳುವ ಪೆಟ್ಟಿಗೆಯಲ್ಲಿ ಸರಿಯಾದ ಬಟನ್ ಆರಿಸಬೇಕು. ಕೆಲವೆಡೆ ಒಟಿಪಿ ನೋಡಿ ಆರು ಅಂಕಿ ಹಾಕಬೇಕು.

ಓದುವುದು, ಅಂಕಿ ನೆನಪಿಡುವುದು, ಸೂಚನೆ ಅರ್ಥ ಮಾಡಿಕೊಳ್ಳುವುದು: ಅಫೇಸಿಯಾ ಕಿತ್ತುಕೊಂಡಿರುವುದು ಇವನ್ನೇ. ಅಂದರೆ ಚಿಕಿತ್ಸೆಯ ಬಾಗಿಲು ತೆರೆಯುವ ಕೀಲಿಕೈ, ಚಿಕಿತ್ಸೆ ಬೇಕಾದವರ ಕೈಯಲ್ಲೇ ಇಲ್ಲ. ಸ್ಟ್ರೋಕ್‌ಗೆ ಮುಂಚೆ ದಿನವಿಡೀ ವಾಟ್ಸ್‌ಆ್ಯಪ್ ನೋಡುತ್ತಿದ್ದವರೂ ಈಗ ಪರದೆ ಮುಂದೆ ಸುಮ್ಮನೆ ಕೂರುವುದು ಇದಕ್ಕೇ.

ಮನೆಯವರು ಸಾಮಾನ್ಯವಾಗಿ ಇದಕ್ಕೆ ಸುಲಭದ ಪರಿಹಾರ ಹುಡುಕುತ್ತಾರೆ: ಫೋನ್ ಕೈಯಿಂದ ತೆಗೆದುಕೊಂಡು ತಾವೇ ಎಲ್ಲ ಮಾಡಿಬಿಡುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಅದರೊಂದಿಗೆ ಗೆಳೆಯರಿಗೆ ಕರೆ ಮಾಡುವುದು, ಮೊಮ್ಮಗಳ ಫೋಟೋ ನೋಡುವುದು, ತನ್ನ ಪಿಂಚಣಿ ಬಂತೇ ಎಂದು ನೋಡಿಕೊಳ್ಳುವುದು ಎಲ್ಲವೂ ಅವರ ಕೈತಪ್ಪುತ್ತವೆ. ಮಗ ಕೆಲಸಕ್ಕೆ ಹೋದರೆ ಥೆರಪಿಯೂ ಇಲ್ಲ.

ಆದ್ದರಿಂದ ಫೋನ್ ಬಳಸಲು ಕಲಿಸುವುದನ್ನು ಚಿಕಿತ್ಸೆಗೆ ಮುಂಚಿನ ಚಿಲ್ಲರೆ ಕೆಲಸ ಎಂದು ನೋಡಬಾರದು. ಅದೂ ಚಿಕಿತ್ಸೆಯ ಒಂದು ಭಾಗ. ಥೆರಪಿಸ್ಟ್ ಜೊತೆಗಿನ ಮೊದಲ ಮಾತುಕತೆಯಲ್ಲೇ ಇದನ್ನು ಕೇಳಿ.

ಕಲಿಸುವುದು ಹೇಗೆ?

ಮನೆಯಲ್ಲೇ ಶುರು ಮಾಡಬಹುದಾದ ಕ್ರಮ ಇಲ್ಲಿದೆ.

1. ಒಂದೇ ಗುರಿ ಇಟ್ಟುಕೊಳ್ಳಿ. ಪೂರ್ತಿ ಫೋನ್ ಕಲಿಸಲು ಹೋಗಬೇಡಿ. ಅವರಿಗೆ ಬೇಕಾದದ್ದೊಂದನ್ನು ಆರಿಸಿ. ಉದಾಹರಣೆಗೆ, ಮಗಳ ವಿಡಿಯೋ ಕರೆ ಬಂದಾಗ ತಾವೇ ಎತ್ತುವುದು. ಗುರಿಯನ್ನು ಅವರೇ ಆರಿಸಲಿ. ಎರಡು ಮೂರು ಚಿತ್ರ ಮುಂದಿಟ್ಟರೆ ಬೆರಳು ತೋರಿಸಿಯಾದರೂ ಹೇಳುತ್ತಾರೆ.

2. ಫೋನನ್ನು ಸರಳ ಮಾಡಿ. ಮೊದಲ ಪರದೆಯಲ್ಲಿ ನಾಲ್ಕು ಐಕಾನ್ ಸಾಕು. ಪಿನ್ ಬದಲು ಎಡಗೈ ಬೆರಳಚ್ಚು ಹಾಕಿ. ಹೆಸರುಗಳ ಪಕ್ಕ ಎಲ್ಲರ ಮುಖದ ಫೋಟೋ ಇರಲಿ. ಹೆಸರು ಓದಲಾಗದವರೂ ಮುಖ ಗುರುತಿಸುತ್ತಾರೆ. ಅಕ್ಷರ ದೊಡ್ಡದು ಮಾಡಿ. ಬೇಡದ ನೋಟಿಫಿಕೇಶನ್ ಎಲ್ಲ ನಿಲ್ಲಿಸಿ.

3. ಫೋನ್ ನಿಲ್ಲಿಸಿ. ಒಂದೇ ಕೈಯಲ್ಲಿ ಹಿಡಿದು ಅದೇ ಕೈಯಲ್ಲಿ ಒತ್ತುವುದು ಕಷ್ಟ. ಸ್ಟ್ಯಾಂಡ್ ಇಲ್ಲದಿದ್ದರೆ ಅಕ್ಕಿ ತುಂಬಿದ ಸ್ಟೀಲ್ ಡಬ್ಬಿಗೆ ಒರಗಿಸಿದರೂ ಆಯಿತು. ಮುಖದ ಮೇಲೆ ಬೆಳಕು ಬೀಳಲಿ, ಟಿವಿ ಬಂದ್ ಇರಲಿ.

4. ಚಿತ್ರದ ಹಾಳೆ ಮಾಡಿ. ಪ್ರತಿ ಹಂತದ ಸ್ಕ್ರೀನ್‌ಶಾಟ್ ಪ್ರಿಂಟ್ ತೆಗೆಸಿ, ಒತ್ತಬೇಕಾದ ಜಾಗಕ್ಕೆ ಕೆಂಪು ಬಾಣ ಹಾಕಿ. ಒಂದು ಹಾಳೆಗೆ ಒಂದೇ ಹಂತ. ಜೆರಾಕ್ಸ್ ಅಂಗಡಿಯಲ್ಲಿ ಮುಗಿಯುವ ಕೆಲಸ. ಉದ್ದದ ವಾಕ್ಯ ಬರೆಯಬೇಡಿ.

5. ತೋರಿಸಿ, ಒಟ್ಟಿಗೆ ಮಾಡಿ, ಆಮೇಲೆ ಬಿಡಿ. ಮೊದಲು ನೀವು ಮಾಡಿ ತೋರಿಸಿ. ನಂತರ ಅವರ ಬೆರಳಿನಿಂದಲೇ ಒತ್ತಿಸಿ. ಕೊನೆಗೆ ಕೈ ಕಟ್ಟಿ ಕುಳಿತು ಕಾಯಿರಿ. ಕಾಯುವುದೇ ಕಷ್ಟದ ಕೆಲಸ, ಹತ್ತು ಸೆಕೆಂಡ್ ಸುಮ್ಮನಿರಲು ನಮಗೆ ಬರುವುದಿಲ್ಲ.

6. ಸ್ವಲ್ಪ ಹೊತ್ತು, ದಿನಾಲೂ. ವಾರಕ್ಕೊಮ್ಮೆ ಒಂದು ಗಂಟೆಗಿಂತ ದಿನಕ್ಕೆ ಹತ್ತು ನಿಮಿಷ ಮೇಲು. ಸ್ಟ್ರೋಕ್ ಆದವರಿಗೆ ಬೇಗ ಸುಸ್ತಾಗುತ್ತದೆ.

7. ತಪ್ಪಿದಾಗ ಹಿಂದೆ ಬರುವುದನ್ನೂ ಕಲಿಸಿ. ತಪ್ಪು ಕರೆ ಹೋದರೆ ಕೆಂಪು ಬಟನ್, ದಾರಿ ತಪ್ಪಿದರೆ ಹೋಮ್ ಬಟನ್. ಇದು ಗೊತ್ತಾದರೆ ಭಯ ಅರ್ಧ ಕಡಿಮೆ.

ಟೈಪ್ ಮಾಡಲಾಗದವರಿಗೆ ವಾಯ್ಸ್ ಮೆಸೇಜ್, ಎಮೋಜಿ, ಫೋಟೋ ಇವೆಯಲ್ಲ. ಖಾಲಿ ಮಾತ್ರೆ ಪಟ್ಟಿಯ ಫೋಟೋ ಕಳಿಸಿದರೆ ಮಾತ್ರೆ ತಾ ಎಂದು ಹೇಳಿದಂತೆಯೇ ಆಯಿತು.

ಆಪ್ ಒಂದೇ ಸಾಕೇ?

ಬ್ರಿಟನ್‌ನಲ್ಲಿ ನಡೆದ 'ಬಿಗ್ ಕ್ಯಾಕ್ಟಸ್' ಎಂಬ ಪ್ರಯೋಗ ಇದಕ್ಕೆ ಸ್ಪಷ್ಟ ಉತ್ತರ ಕೊಡುತ್ತದೆ. 2019ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ 278 ಜನರಿದ್ದರು. ಒಂದು ಗುಂಪಿನವರು ಮನೆಯಲ್ಲಿ ಕಂಪ್ಯೂಟರ್ ಮೂಲಕ ಆರು ತಿಂಗಳು ಪದಗಳ ಅಭ್ಯಾಸ ಮಾಡಿದರು. ಅಭ್ಯಾಸ ಮಾಡಿದ ಪದಗಳನ್ನು ಹೇಳುವ ಶಕ್ತಿ ಚೆನ್ನಾಗಿ ಸುಧಾರಿಸಿತು. ಆದರೆ ದಿನನಿತ್ಯದ ಮಾತುಕತೆ ಅದರಿಂದ ತಾನಾಗಿ ಸುಧಾರಿಸಲಿಲ್ಲ.

ಪದ ಬರುವುದು ಬೇರೆ, ಅದನ್ನು ಬಳಸಿ ಮಾತುಕತೆ ನಡೆಸುವುದು ಬೇರೆ. ಪರದೆಯಲ್ಲಿ 'ಹಾಲು' ಎಂದು ಕಲಿತದ್ದನ್ನು ನಂದಿನಿ ಬೂತಿನಲ್ಲಿ ಹೇಳಿ ಹಾಲು ಕೊಂಡಾಗ ಅದು ಮಾತಾಗುತ್ತದೆ. ಆ ದಾಟುವಿಕೆಗೆ ಮನುಷ್ಯರು ಬೇಕು. ಹೌದು ಅಥವಾ ಇಲ್ಲ ಎಂದು ಉತ್ತರಿಸಬಹುದಾದ ಪ್ರಶ್ನೆ ಕೇಳುವವರು, ಮುಖ್ಯ ಪದ ಬರೆದು ತೋರಿಸುವವರು, ವಾಕ್ಯ ಮುಗಿಸಲು ಬಿಡುವವರು ಬೇಕು. ಹೀಗೆ ಮಾತನಾಡುವುದನ್ನು ಮನೆಯವರಿಗೂ ಥೆರಪಿಸ್ಟ್ ಕಲಿಸುತ್ತಾರೆ. ವಿಡಿಯೋ ಥೆರಪಿಯಲ್ಲಿ ಮನೆಯವರೂ ಕೂತಿರಬೇಕು ಎನ್ನುವುದು ಇದಕ್ಕಾಗಿ.

ದುಡ್ಡು, ಒಟಿಪಿ ಮತ್ತು ಮೋಸ

ಫೋನ್ ಮತ್ತೆ ಕೈಗೆ ಬಂದರೆ ಮೋಸದ ಕರೆಗಳೂ ಬರುತ್ತವೆ. ಮಾತು ತಡವರಿಸುವವರು ಅಪರಿಚಿತರಿಗೆ 'ಬೇಡ' ಎಂದು ಹೇಳಿ ಮುಗಿಸುವುದೇ ಕಷ್ಟ. ಹಾಗೆಂದು ಫೋನ್ ಕಿತ್ತುಕೊಳ್ಳಬೇಡಿ. ಅಪರಿಚಿತ ನಂಬರ್‌ಗಳ ಕರೆ ಸದ್ದು ಮಾಡದಂತೆ ಇಡಿ. ಯುಪಿಐ ಇರುವ ಖಾತೆಯಲ್ಲಿ ದಿನದ ಖರ್ಚಿಗೆ ಬೇಕಾದಷ್ಟೇ ಹಣ ಇರಲಿ, ಇದನ್ನು ಅವರೊಂದಿಗೆ ಕೂತು, ಒಪ್ಪಿಗೆ ಪಡೆದು ಮಾಡಿ. ಯಾವ ಥೆರಪಿಸ್ಟ್‌ಗೂ ನಿಮ್ಮ ಬ್ಯಾಂಕ್ ಒಟಿಪಿ ಬೇಕಾಗಿಲ್ಲ. ದುಡ್ಡು ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಯಾರನ್ನು ನಂಬುವುದು?

ಭಾರತದಲ್ಲಿ ವಾಕ್ ಚಿಕಿತ್ಸಕರು ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾ, ಅಂದರೆ ಆರ್‌ಸಿಐನಲ್ಲಿ ನೋಂದಾಯಿಸಿರಬೇಕು. 1992ರ ಕಾಯ್ದೆ ಇದನ್ನು ಹೇಳುತ್ತದೆ. ಅವರ ಸಿಆರ್‌ಆರ್ ಸಂಖ್ಯೆ ಕೇಳಿ, ಕೇಳಿದರೆ ತಪ್ಪೇನಿಲ್ಲ. ಮೂವತ್ತು ದಿನದಲ್ಲಿ ಮಾತು ಗ್ಯಾರಂಟಿ ಎನ್ನುವವರಿಂದ ದೂರವಿರಿ. ಎಷ್ಟು ಮರಳುತ್ತದೆ ಎಂಬುದು ಹಾನಿಯ ಪ್ರಮಾಣ, ಅಭ್ಯಾಸ ಮತ್ತು ಆರೋಗ್ಯವನ್ನು ಅವಲಂಬಿಸುತ್ತದೆ. ಅದನ್ನು ಗ್ಯಾರಂಟಿ ಕೊಟ್ಟು ಮಾರಲು ಯಾರಿಂದಲೂ ಆಗದು.

ಇ-ಸಂಜೀವನಿಯಂಥ ಸರ್ಕಾರಿ ಸೇವೆಯಲ್ಲಿ ವೈದ್ಯರ ಸಲಹೆ ಉಚಿತವಾಗಿ ಸಿಗುತ್ತದೆ. ಬಿಪಿ, ಶುಗರ್ ಮಾತ್ರೆಯ ಬಗ್ಗೆ ಕೇಳಲು ಅದು ಉಪಯೋಗಕ್ಕೆ ಬರುತ್ತದೆ. ಆದರೆ ವಾರ ವಾರ ನಡೆಯುವ ವಾಕ್ ಚಿಕಿತ್ಸೆಯ ಜಾಗವನ್ನು ಅದು ತುಂಬದು. ಮನೆಯಲ್ಲಿ ಯಾರಿಗಾದರೂ ಅಫೇಸಿಯಾ ಶಾಶ್ವತವಾಗಿ ಉಳಿದಿದ್ದರೆ ಇದನ್ನೂ ತಿಳಿದಿರಿ: 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ಅಂಗವೈಕಲ್ಯಗಳಲ್ಲಿ ಮಾತು ಮತ್ತು ಭಾಷೆಯ ಅಂಗವೈಕಲ್ಯವೂ ಒಂದು, ಅದರ ವಿವರಣೆಯಲ್ಲಿ ಅಫೇಸಿಯಾದ ಹೆಸರೇ ಇದೆ. ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡ್‌ಗೆ ಅರ್ಜಿ ಹಾಕಬಹುದು.

ಫಾರ್ವರ್ಡ್ ಮಾಡುವುದಾದರೆ ಇಷ್ಟು ಮಾಡಿ

• ಮಾತು ನಿಂತರೆ ಬುದ್ಧಿ ನಿಂತಂತಲ್ಲ.
• ಸೂಜಿ, ಬಜೆ ಬೇಡ. ಲಕ್ಷಣ ಕಂಡ ಕೂಡಲೇ 108.
• ಆರು ತಿಂಗಳು ಕಳೆದರೂ ಸುಧಾರಣೆ ಸಾಧ್ಯ.
• ವಿಡಿಯೋದಲ್ಲಿ ವಾಕ್ ಚಿಕಿತ್ಸೆ ಪಡೆಯಬಹುದು, ಥೆರಪಿಸ್ಟ್ ಆರ್‌ಸಿಐ ನೋಂದಣಿ ಇರುವವರಾಗಿರಲಿ.
• ಆಪ್ ಹಾಕಿಕೊಟ್ಟು ಎದ್ದು ಹೋಗಬೇಡಿ. ದಿನಕ್ಕೆ ಹತ್ತು ನಿಮಿಷ ಪಕ್ಕದಲ್ಲಿ ಕೂತು ಕಲಿಸಿ.

ನಿಮ್ಮ ಗುಂಪಿನಲ್ಲಿ ಮುಂಚೆ ದಿನಾ ಗುಡ್ ಮಾರ್ನಿಂಗ್ ಕಳಿಸುತ್ತಿದ್ದು, ಈಗ ಸುಮ್ಮನಾಗಿರುವ ಹಿರಿಯರು ಯಾರಾದರೂ ಇದ್ದಾರೆಯೇ? ಅವರ ಮನೆಗೆ ಒಂದು ಕರೆ ಮಾಡಿ. ಫೋನ್ ಕೊಡಿ ಎಂದು ಹೇಳಿ, ಅವರ ಜೊತೆಗೇ ಮಾತಾಡಿ.